"ಬೇಜಾರು" ಅಂದ್ರೆ ಯಾವ ಬೇಜಾರು?

ಹದಿನೈದು ವರ್ಷದ ಮಗಳು ಸ್ಕೂಲಿಂದ ಬಂದವಳೇ ರೂಮಿನ ಬಾಗಿಲು ಹಾಕ್ಕೋತಾಳೆ, ಕೇಳಿದ್ರೆ "ಏನಿಲ್ಲಮ್ಮ" ಅಂತಾಳೆ ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನ ನಮ್ಮ ಮನೇಲೂ ಇದೇ ಕಥೆ, ಮಗನದ್ದು.

ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ. ಒಂದು ಸಂಜೆ ಅವನು "ಅಮ್ಮ, ನಂಗೆ ತುಂಬ ಬೇಜಾರು" ಅಂದ. ನಾನು ದೋಸೆ ಹುಯ್ಯುತ್ತಾ "ಬೇಜಾರಾದ್ರೆ ಹೊರಗೆ ಹೋಗಿ ಆಡು" ಅಂದೆ. ನಮ್ಮ ಕನ್ನಡದಲ್ಲಿ ಹೊತ್ತು ಹೋಗದಿದ್ರೂ ಬೇಜಾರು, ಗೆಳೆಯ ಮಾತು ಬಿಟ್ರೂ ಬೇಜಾರು, ಬದುಕೇ ಬೇಡ ಅನ್ನಿಸಿದ್ರೂ ಬೇಜಾರು. ಇಂಗ್ಲಿಷ್‌ನಲ್ಲಿ ಅವನಿಗೆ ಹತ್ತು ಪದ ಗೊತ್ತು. ನನ್ನ ಹತ್ತಿರ ಹೇಳೋಕೆ ಇದ್ದಿದ್ದು ಇದೊಂದೇ. ಅದನ್ನ ನಾನು ದೋಸೆ ಜೊತೆ ಮಗುಚಿ ಹಾಕಿದೆ. ನಮ್ಮೆಜಮಾನರಂತೂ "ನಿಂಗೇನೋ ಕಡಿಮೆ ಮಾಡಿದೀವಿ?" ಅಂತ ಶುರು ಹಚ್ಚಿಕೊಂಡರು. ಆಮೇಲೆ ಒಂದು ತಿಂಗಳು ಅವನು ಬಾಯಿ ಬಿಡಲಿಲ್ಲ.

ಮೈಸೂರಿನಿಂದ ನಮ್ಮಮ್ಮ ವಿಡಿಯೋ ಕಾಲ್‌ನಲ್ಲಿ "ದೃಷ್ಟಿ ಆಗಿದೆ, ಉಪ್ಪು ಮೆಣಸಿನಕಾಯಿ ನಿವಾಳಿಸು" ಅಂದರು. ನಿವಾಳಿಸಿದೆ. ಅವನು ನಕ್ಕ. ಆ ವಾರ ನಕ್ಕಿದ್ದು ಅದೊಂದೇ ಸಲ.

ವರ್ಷದ ಚೆಕಪ್‌ಗೆ ಹೋದಾಗ ಡಾಕ್ಟರು ನನ್ನನ್ನ ಸ್ವಲ್ಪ ಹೊತ್ತು ಆಚೆ ಕೂರಿ ಅಂದರು. ಮೈಯೆಲ್ಲಾ ಉರೀತು, ಹೆತ್ತವಳನ್ನೇ ಆಚೆ ಕಳಿಸೋದಾ ಅಂತ. ಆದರೆ ಇಲ್ಲಿ 12 ತುಂಬಿದ ಮಕ್ಕಳಿಗೆ ಇದು ಮಾಮೂಲು. ಕೈಗೆ ಒಂಬತ್ತು ಪ್ರಶ್ನೆಯ ಹಾಳೆ ಕೊಡ್ತಾರೆ: ಕಳೆದ ಎರಡು ವಾರದಲ್ಲಿ ನಿದ್ದೆ ಹೇಗೆ, ಊಟ ಹೇಗೆ, ಯಾವುದರಲ್ಲೂ ಮನಸ್ಸಿಲ್ವಾ, ಒಂದೊಂದಕ್ಕೂ 0ಯಿಂದ 3 ಅಂಕ, ಅಂಕ ಹೆಚ್ಚಾದಷ್ಟೂ ತೊಂದರೆ ಹೆಚ್ಚು. ಒಂಬತ್ತನೆಯದು, ಸತ್ತರೇ ಚೆನ್ನಾಗಿತ್ತು ಅನ್ನಿಸಿದೆಯಾ ಅಂತ. ನಾನು ಕೇಳೋಕೆ ಹೆದರಿ ಕೂತಿದ್ದ ಪ್ರಶ್ನೆ ಅದು. ಕೇಳಿದ್ರೆ ಇಲ್ಲದ್ದನ್ನ ತಲೆಗೆ ತುಂಬಿದ ಹಾಗಾಗುತ್ತೆ ಅಂದ್ಕೊಂಡಿದ್ದೆ. ನೇರವಾಗಿ ಕೇಳೋದರಿಂದ ಆ ಯೋಚನೆ ಹುಟ್ಟಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ಅವನ ಉತ್ತರ ಸೊನ್ನೆ ಅಂತ, ಅವನನ್ನ ಕೇಳಿಯೇ, ನನಗೂ ತಿಳಿಸಿದರು. ನಿದ್ದೆಯದ್ದು ಮಾತ್ರ ಮೂರಕ್ಕೆ ಮೂರು.

ಈ ವಯಸ್ಸಲ್ಲಿ ಮೈಯ ಗಡಿಯಾರವೇ ಹಿಂದೆ ಸರಿಯುತ್ತಂತೆ, ಹನ್ನೊಂದಾದ್ರೂ ನಿದ್ದೆ ಹತ್ತಲ್ಲ. ಬೇಕಾಗೋದು ಎಂಟರಿಂದ ಹತ್ತು ಗಂಟೆ. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲು 8:30ಕ್ಕೆ ಮುಂಚೆ ಶುರು ಮಾಡಬಾರದು ಅಂತ ಕಾನೂನು ಬಂದಿರೋದು ಇದಕ್ಕೇ. ನಾವು ಮಹಾ ಬುದ್ಧಿವಂತರು, ಶನಿವಾರ ಬೆಳಗ್ಗೆ ಏಳಕ್ಕೆ ಮ್ಯಾಥ್ಸ್ ಕ್ಲಾಸಿಗೆ ಹಾಕಿದ್ವಿ! ಬಿಡಿಸಿದ್ವಿ. ಕೌನ್ಸೆಲರ್ ಹತ್ತಿರ ಕೆಲವು ತಿಂಗಳು ಹೋದ.

ಎದುರುಬದುರು ಕೂತರೆ ಮಾತು ಹೊರಡಲ್ಲ. ಬ್ಯಾಡ್ಮಿಂಟನ್‌ನಿಂದ ಕರೆತರುವಾಗ, ಇಬ್ಬರ ಕಣ್ಣೂ ರೋಡಿನ ಮೇಲಿದ್ದಾಗ, ತಾನಾಗೇ ಶುರುವಾಯ್ತು. ಮನೆ ಬಂದ್ರೂ ಇಳೀದೆ ಗರಾಜಿನ ಮುಂದೆ ನಲವತ್ತು ನಿಮಿಷ ಕೂತಿದ್ವಿ. ಬುದ್ಧಿ ಹೇಳೋಕೆ ನಾಲಿಗೆ ತುರಿಸಿದಾಗಲೆಲ್ಲ ಹಲ್ಲು ಕಚ್ಚಿಕೊಂಡೆ.

ಮಗಳು ಹೀಗೇ ಇದ್ದು ಎರಡು ವಾರ ದಾಟಿದ್ರೆ ಚೆಕಪ್ ಬರಲಿ ಅಂತ ಕಾಯಬೇಡಿ, ನಾಳೆನೇ ಡಾಕ್ಟರಿಗೆ ಫೋನ್ ಮಾಡಿ. ನಡುರಾತ್ರಿ ಭಯವಾದ್ರೆ 988 ಇದೆ, ಸಾಯೋ ಯೋಚನೆ, ಮನಸ್ಸಿನ ಸಂಕಟಕ್ಕೆ ಅಂತಲೇ ಇರೋ ಅಮೆರಿಕದ ಸಹಾಯವಾಣಿ, ಫೋನೂ ಮಾಡಬಹುದು, ಮೆಸೇಜೂ ಕಳಿಸಬಹುದು, ಮಕ್ಕಳಿಗೂ ಸರಿ ನಮಗೂ ಸರಿ. ಅವಳ ಫೋನಿಗೂ ಆ ನಂಬರ್ ಹಾಕಿಡಿ.