ನರ್ಸರಿ ಕೆಲಸಕ್ಕೆ ಸೇರಿಸಿದ ಹುಡುಗ ತಿಂಗಳೊಳಗೆ ವಾಪಸ್. ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ವಿ.ಆರ್.ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು; ಪೊನ್ನಂಪೇಟೆ ತಾಲ್ಲೂಕು)

ನಮ್ಮ ಪಂಚಾಯ್ತಿಯ 24 ವರ್ಷದ ಹುಡುಗ. ಬೌದ್ಧಿಕ ವೈಕಲ್ಯ, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನಲ್ಲಿ 50%. ಕೈಕಾಲು ಗಟ್ಟಿ, ಹೇಳಿದ್ದು ಕೇಳುತ್ತಾನೆ. ಕಾಫಿ ನರ್ಸರಿಯಲ್ಲಿ ತೊಟ್ಟೆಗೆ (ಸಸಿ ಬೆಳೆಸುವ ಪ್ಲಾಸ್ಟಿಕ್ ಚೀಲ) ಮಣ್ಣು ತುಂಬಲು ಸೇರಿಸಿದೆವು. ಮೊದಲ ವಾರ ಚೆನ್ನಾಗಿತ್ತು, ಆಮೇಲೆ ರೈಟರ್ (ತೋಟದ ಕೆಲಸ, ಲೆಕ್ಕ ನೋಡುವವರು) "ಇವನ ಕೈಲಿ ಆಗಲ್ಲ" ಅಂದರು. ಇನ್ನೊಂದು ತೋಟದಲ್ಲೂ ಹಾಗೇ ಆಯಿತು. ದುಡಿದರೆ ವಿಕಲಚೇತನರ ಮಾಸಾಶನ ನಿಲ್ಲುತ್ತದೆ ಅನ್ನುವ ಭಯ ಮನೆಯವರಿಗೆ ಬೇರೆ.

ಉತ್ತರ 1 (ಪುನರ್ವಸತಿ ಕಾರ್ಯಕರ್ತೆ)

ಯಾವ ಹಂತ ಆಗಲಿಲ್ಲ ಅಂತ ರೈಟರನ್ನೇ ಬಿಡಿಸಿ ಕೇಳಿ. ತೊಟ್ಟೆ ತುಂಬುವುದರಲ್ಲೇ ನಾಲ್ಕೈದು ಕೆಲಸ ಇದೆ. ಜರಡಿ ಹಿಡಿದ ಕಾಡುಮಣ್ಣು 6 ಪಾಲು, ಕೊಳೆತ ಕೊಟ್ಟಿಗೆಗೊಬ್ಬರ 2, ಮರಳು 1. ಎಣಿಕೆ ತಪ್ಪುವುದು ಇಲ್ಲೇ. ಒಂದೇ ಅಳತೆಯ ಬಕೆಟ್ ಕೊಟ್ಟು, ಪಕ್ಕದಲ್ಲಿ 9 ಕಲ್ಲು ಇಡಿ: 6 ಕೆಂಪು, 2 ಕಪ್ಪು, 1 ಬಿಳಿ. ಒಂದು ಬಕೆಟ್ ಸುರಿದಾಗ ಒಂದು ಕಲ್ಲು ಸರಿಸಿದರಾಯಿತು, ಎಣಿಸಬೇಕಾಗಿಲ್ಲ.

ಇನ್ನೊಂದು ತಪ್ಪು, ಬುಡ ಕುಟ್ಟದೆ ತುಂಬುವುದು. ಮೇಲಕ್ಕೆ ಭರ್ತಿಯಾಗಿಯೇ ಕಾಣುತ್ತದೆ, ನೀರು ಬಿದ್ದ ಮೇಲೆ ಮಣ್ಣು ಕುಸಿಯುತ್ತದೆ, ಬೈಗುಳ ಮರುದಿನ. ಯಾಕೆ ಬೈದರು ಅಂತ ಅವನಿಗೆ ಗೊತ್ತಾಗುವುದಿಲ್ಲ. ಸರಿಯಾಗಿ ತುಂಬಿದ ಒಂದು ತೊಟ್ಟೆ ಕಣ್ಣೆದುರೇ ಇರಲಿ. ತಪ್ಪಿದ್ದನ್ನು ಆಗಲೇ ಕೈಯಲ್ಲಿ ಹಿಡಿದು ಒತ್ತಿ ನೋಡಲಿ.

ಮೊದಲ ವಾರ ಚೆನ್ನಾಗಿತ್ತು ಅಂದಿರಿ. ಬಹುಶಃ ಆ ವಾರ ನೀವೇ ಪಕ್ಕದಲ್ಲಿದ್ದಿರಿ. ಒಮ್ಮೆಲೇ ಬಿಟ್ಟು ಬರಬಾರದು. ಪೂರ್ತಿ ದಿನ, ಅರ್ಧ ದಿನ, ಬೆಳಗ್ಗೆ ಒಂದು ಗಂಟೆ, ವಾರಕ್ಕೊಮ್ಮೆ, ಆಮೇಲೆ ಬಟವಾಡೆ ದಿನ ಮಾತ್ರ. ಹೀಗೆ ಹಿಂದೆ ಸರಿಯುವ ಮೊದಲೇ ಜೊತೆ ಕೆಲಸದ ಒಬ್ಬ ಅಕ್ಕನನ್ನೋ ಮೇಸ್ತ್ರಿಯನ್ನೋ ಒಪ್ಪಿಸಿ. ಕಲಿಸುವುದು ಅವರು, ನೀವು ಸುಮ್ಮನೆ ನೋಡುವುದು.

ಉತ್ತರ 2 (ತೋಟದ ಉಸ್ತುವಾರಿ)

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ತೊಟ್ಟೆ ಕೆಲಸ ವರ್ಷವಿಡೀ ಇರುವುದಿಲ್ಲ. ಡಿಸೆಂಬರ್-ಜನವರಿಯಲ್ಲಿ ಬೀಜ ಹಾಕಿ, ಫೆಬ್ರವರಿ-ಮಾರ್ಚಿಗೆ ಸಸಿ ತೊಟ್ಟೆಗೆ ಹೋಗುತ್ತದೆ. ಆಮೇಲೆ ಕಳೆ ಕೀಳು, ನೀರು ಹಾಕು ಅನ್ನುತ್ತಾರೆ. ಅದನ್ನು ಯಾರೂ ಕಲಿಸಿರುವುದಿಲ್ಲ. ಸೇರಿಸುವಾಗಲೇ ಮುಂದಿನ ಎರಡು ಕೆಲಸ ಯಾವುವು ಅಂತ ರೈಟರ್ ಹತ್ತಿರ ಮಾತಾಡಿಕೊಳ್ಳಿ.

ನಿಮ್ಮ ಕಡೆ ಆನೆ ಕಾಟವೂ ಇದೆ. ಮುಂಜಾನೆ ಒಬ್ಬನೇ ನಡೆದು ಬರುವುದು ಬೇಡ, ಜೀಪು ಹತ್ತುವ ಜಾಗಕ್ಕೆ ಯಾರ ಜೊತೆ ಬರಬೇಕು ಅಂತ ಗೊತ್ತುಮಾಡಿ. ಆನೆ ಬಂದು ಕೆಲಸ ರದ್ದಾದರೆ ಆ ಫೋನು ಅವನ ಮನೆಗೂ ಹೋಗಬೇಕು.

ಉತ್ತರ 3 (ಸಮಾಜ ಕಾರ್ಯಕರ್ತ, ಮಡಿಕೇರಿ)

ಮಾಸಾಶನಕ್ಕೆ ಆದಾಯ ಮಿತಿ ಇದೆ. ನಾಡಕಚೇರಿಯಲ್ಲಿ ಈಗಿನ ಮಿತಿ ಕೇಳಿ, ವರ್ಷದ ಕೂಲಿ ಲೆಕ್ಕ ಹಾಕಿ, ಚೀಟಿಯಲ್ಲಿ ಬರೆದು ಮನೆಯವರ ಮುಂದಿಡಿ. ಬಾಯಿಮಾತಿನ ಸಮಾಧಾನಕ್ಕೆ ಭಯ ಹೋಗುವುದಿಲ್ಲ. ಆಸ್ಪತ್ರೆ ಖರ್ಚಿಗೆ ಕೇಂದ್ರ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಮಾಡಿಸಿ: ಬೌದ್ಧಿಕ ವೈಕಲ್ಯಕ್ಕೂ ಸಿಗುತ್ತದೆ, ವರ್ಷಕ್ಕೆ 1 ಲಕ್ಷದವರೆಗೆ.

ಕೂಲಿಯ ವಿಷಯದಲ್ಲಿ ಬಿಟ್ಟುಕೊಡಬೇಡಿ. "ಪಾಪ ಅಂತ ಇಟ್ಟುಕೊಂಡಿದ್ದೇವೆ" ಅನ್ನುವವರು ಕೊಡುವುದು ಅರ್ಧ. ಕಲಿಯುವಾಗ ತೊಟ್ಟೆ ಎಣಿಸಿ ಕೊಡುವ ಕೂಲಿ ಬೇಡ, ದಿನಗೂಲಿ ಕೇಳಿ, ಹಣ ಅವನ ಖಾತೆಗೇ ಬರಲಿ. 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆ ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ, 2017ರ ನಿಯಮದ ಪ್ರಕಾರ ಸಮಾನ ಅವಕಾಶ ನೀತಿ ಬರೆದಿಡಬೇಕು. ಆದರೆ ಮೊದಲ ಭೇಟಿಯಲ್ಲೇ ಕಾಯ್ದೆ ತೆಗೆಯಬೇಡಿ. ಬಕೆಟ್, ಕಲ್ಲು ತೋರಿಸಿ.

ಪ್ರಶ್ನೆ ಕೇಳಿದವರು

ಎರಡನೇ ತೋಟದಲ್ಲಿ ಕಳೆ ಕೆಲಸಕ್ಕೆ ಜನ ಬೇಕಂತೆ. ಸಸಿ ಯಾವುದು, ಕಳೆ ಯಾವುದು ಅಂತ ಕಲಿಸುವುದು ಹೇಗೆ?

ಉತ್ತರ 1

ತೊಟ್ಟೆಯೊಳಗಿನ ಕಳೆ ಈಗಲೇ ಬೇಡ. ಸಾಲುಗಳ ನಡುವಿನ ದಾರಿ ಕೊಡಿಸಿ, ಅಲ್ಲಿ ಬೆಳೆದಿದ್ದೆಲ್ಲ ಕೀಳುವುದೇ.