ಅಪ್‌ಡೇಟ್: ಬಡ್ಜಿ ಜೋಡಿ ಕೊನೆಗೂ ಕಾಳು ತಿಂದವು

ಹತ್ತು ದಿನದ ಹಿಂದೆ ನಿಮ್ಮನ್ನೆಲ್ಲ ಕೇಳಿದ್ದೆ, ದಾವಣಗೆರೆಯ ನಮ್ಮ ಮನೆಗೆ ತಂದ ಎರಡು ಬಡ್ಜಿಗಳು (ಇಲ್ಲಿ ಎಲ್ಲರೂ ಲವ್ ಬರ್ಡ್ಸ್ ಅಂತಾರಲ್ಲ, ಅವೇ) ಏನೂ ತಿನ್ನದೆ ಮೂಲೆಯಲ್ಲಿ ಮುದುಡಿ ಕೂತಿವೆ, ಏನು ಮಾಡಲಿ ಅಂತ. ಈಗ ಆರಾಮಾಗಿವೆ.

ಕೆಲಸ ಮಾಡಿದ್ದು ಜಾಗ ಬದಲಿಸಿದ್ದು. ಹಾಲ್ ಮಧ್ಯೆ ಫ್ಯಾನ್ ಕೆಳಗೆ ಇಟ್ಟಿದ್ದ ಪಂಜರವನ್ನು ಗೋಡೆಗೆ ಒತ್ತಿಸಿ, ಮೂರು ಕಡೆ ಹಳೇ ಕಾಟನ್ ಪಂಚೆ ಹೊದಿಸಿ, ಎರಡು ದಿನ ಕೈ ಹಾಕದೆ ಬಿಟ್ಟೆ. ಮೂರನೇ ದಿನ ಒಬ್ಬರು ಹೇಳಿದಂತೆ ನವಣೆ ತೆನೆ ಸಿಗಿಸಿದೆ. ಮೊದಲು ನೀಲಿ ಮೂಗಿನ ಗಂಡು ಕತ್ತು ಚಾಚಿ ಒಂದು ಕಾಳು ಕಿತ್ತಿತು, ಆಮೇಲೆ ಹೆಣ್ಣೂ ಬಂತು. ನನಗಂತೂ ಕಣ್ಣು ತುಂಬಿ ಬಂತು.

ಕನ್ನಡಿ ಇಟ್ಟಿದ್ದು ಪ್ರಯೋಜನ ಆಗಲಿಲ್ಲ, ಇನ್ನೂ ಹೆದರಿದವು. ಮೊಟ್ಟೆ ಇಟ್ಟು ಮರಿ ಮಾಡಲಿ ಅಂತ ಪಂಜರದಲ್ಲಿ ಇಟ್ಟಿದ್ದ ಮಡಕೆ ಈಗಲೇ ಬೇಡ ಅಂದಿದ್ರಿ, ತೆಗೆದೆ.

ಗೊತ್ತಿಲ್ಲದೇ ಇದ್ದದ್ದು: ಬಟ್ಟಲು ತುಂಬಿದಂತೆ ಕಂಡರೂ ಮೇಲಿರೋದು ಬರೀ ಹೊಟ್ಟು. ಅವು ಸಿಪ್ಪೆ ಸುಲಿದು ಅಲ್ಲೇ ಬಿಡುತ್ತವೆ, ದಿನಾ ಊದಿ ನೋಡಬೇಕು, ಇಲ್ಲಾಂದ್ರೆ ಉಪವಾಸ ಬೀಳುತ್ತವೆ. ಇನ್ನೊಂದು, ನಾನ್‌ಸ್ಟಿಕ್ ತವಾ ಜಾಸ್ತಿ ಕಾದರೆ ಬರೋ ಹೊಗೆಗೆ ಹಕ್ಕಿ ಸತ್ತೇ ಹೋಗಬಹುದಂತೆ! ಪಂಜರ ಅಡುಗೆಮನೆ ಹತ್ತಿರ ಇಡಲೇಬೇಡಿ. ನಾವು ದೋಸೆಗೆ ಕಬ್ಬಿಣದ ಹಂಚಿಗೇ ವಾಪಸ್ ಬಂದೆವು.

ನಮ್ಮ ತೋಟದ ಹಸಿರು ಗಿಳಿ ಸಾಕಬಹುದಾ ಅಂತ ಕೇಳಿದವರಿಗೆ: ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ. ಬಡ್ಜಿ ಆಸ್ಟ್ರೇಲಿಯಾ ಮೂಲದ್ದು, ಅದರ ವಿಷಯ ಬೇರೆ.