ಓವನ್ ಅರ್ಧದಲ್ಲೇ ಆಫ್ ಆಗ್ತದೆ, ಕೇಕ್ ಹೊಂಡ ಬೀಳ್ತದೆ

ಬದಿಯಡ್ಕದ ಅಕ್ಕ
ನಮ್ಮ ಓಟಿಜಿ ಓವನ್ (ಒಳಗಿನ ರಾಡ್ ಕಾದು ಬೇಯಿಸುವಂಥದ್ದು) 2000 ವ್ಯಾಟಿನದ್ದು, ಎರಡು ವರ್ಷ ಒಂದು ತೊಂದರೆ ಇರ್ಲಿಲ್ಲ, ಈ ಸಲ ಮಳೆ ಹಿಡಿದ ಮೇಲೆ ಶುರುವಾಗಿದೆ ಇದರ ಆಟ. 180 ಡಿಗ್ರಿಗಿಟ್ಟು ಕೇಕ್ ಒಳಗಿಟ್ರೆ ಇಪ್ಪತ್ತು ನಿಮಿಷಕ್ಕೆ ಸತ್ತ ಹಾಗೆ ಆಫ್. ಮನೆಯಲ್ಲಿ ಫ್ಯಾನು ಲೈಟು ಎಲ್ಲ ಇರ್ತದೆ. ಹತ್ತು ನಿಮಿಷ ಬಿಟ್ರೆ ಅದರಷ್ಟಕ್ಕೇ ಪುನಃ ಬರ್ತದೆ, ಅಷ್ಟೊತ್ತಿಗೆ ಕೇಕಿನ ನಡು ಹೊಂಡ. ನಿನ್ನೆ ಪಕ್ಕದ ಮನೆ ಮಗುವಿನ ಬರ್ತ್‌ಡೇಗೆ ಅಂತ ಹಲಸಿನ ಹಣ್ಣಿನ ಕೇಕ್ ಮಾಡಿ, ಕೊನೆಗೆ ನಾವೇ ಚಮಚದಲ್ಲಿ ತಿಂದದ್ದು. ರಿಪೇರಿಯವ ಥರ್ಮೋಸ್ಟ್ಯಾಟ್, ಅಂದ್ರೆ ಕಾವು ಹೆಚ್ಚಾಗದ ಹಾಗೆ ನೋಡುವ ಸ್ವಿಚ್ಚು, ಹೋಗಿದೆ ಅಂತಾನೆ, ಬಿಚ್ಚಿಯೂ ನೋಡ್ಲಿಲ್ಲ ಪುಣ್ಯಾತ್ಮ. ಹಾಕಿಸುದಾ?

ಕುಂಬಳೆಯವ
ವೋಲ್ಟೇಜ್ ನೋಡಿ ಅಕ್ಕಾ. ನಮ್ಮಲ್ಲಿ ಸಂಜೆ 180 ವೋಲ್ಟ್ ದಾಟುದಿಲ್ಲ.

ಹಳೇ ವಯರ್‌ಮ್ಯಾನ್
ವೋಲ್ಟೇಜ್ ಕಮ್ಮಿಯಾದ್ರೆ ಇಂಥ ಓವನ್ ಆಫ್ ಆಗುದಿಲ್ಲ ಮಾರಾಯ್ರೆ, ಕಾವು ಕಮ್ಮಿ ಅಷ್ಟೆ, 230ರ ಬದಲು 180 ಬಂದ್ರೆ 2000 ವ್ಯಾಟಿನದ್ದು 1200ರ ಹಾಗೆ ಕೆಲಸ ಮಾಡ್ತದೆ. ಥರ್ಮೋಸ್ಟ್ಯಾಟ್ ಕಟ್ ಮಾಡಿದ್ರೆ ರಾಡ್ ಮಾತ್ರ ಆರುದು, ಒಳಗಿನ ಬಲ್ಬ್ ಸಾಧಾರಣ ಉರೀತಾ ಇರ್ತದೆ, ಸ್ವಲ್ಪ ಹೊತ್ತಿಗೆ ರಾಡ್ ಪುನಃ ಕೆಂಪಾಗ್ತದೆ, ಅದು ಅದರ ಕೆಲಸವೇ. ನಿಮ್ಮದು ಬಲ್ಬೂ ಹೋಗುದಾ? ಇಎಲ್‌ಸಿಬಿ, ಕರೆಂಟ್ ಲೀಕ್ ಆದ್ರೆ ಲೈನ್ ಕಟ್ ಮಾಡುವ ಸ್ವಿಚ್ಚು, ಬಿದ್ದಿತ್ತಾ? ಮತ್ತೆ ಪ್ಲಗ್ ಎಲ್ಲಿಗೆ ಹಾಕಿದ್ದು?

ಬದಿಯಡ್ಕದ ಅಕ್ಕ
ಬಲ್ಬೂ ಹೋಗ್ತದೆ. ಟೈಮರ್ ಮಾತ್ರ ಟಿಕ್ ಟಿಕ್ ಅಂತಾ ಇರ್ತದೆ, ಹಾಗಾಗಿ ನಂಗೆ ಗೊತ್ತಾಗುದೇ ತಡ. ಇಎಲ್‌ಸಿಬಿ ಬೀಳ್ಲಿಲ್ಲ. ಪ್ಲಗ್ಗು... ಗ್ರೈಂಡರ್ ಹತ್ರದ ಗೋಡೆ ಮಳೆಗೆ ಚಂಡಿಯಾಗ್ತದೆ ಅಂತ ಓವನ್ ಈಚೆ ತಂದದ್ದು, ಈಗ ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಣ್ಣ ಪಿನ್ನಿನ ಕನ್ವರ್ಟರ್ ಹಾಕಿ ಕೊಟ್ಟಿದ್ದೇವೆ.

ಹಳೇ ವಯರ್‌ಮ್ಯಾನ್
ಅದೇ! 2000 ವ್ಯಾಟ್ ಅಂದ್ರೆ ಎಂಟೂಮುಕ್ಕಾಲು ಆಂಪಿಯರ್ ಹತ್ರ ಬರ್ತದೆ, ಸಣ್ಣ ಪಿನ್ನಿನ ಸಾಕೆಟ್ ಇರುದು 6 ಆಂಪಿಯರಿಗೆ. ಬಿಸಿಯಾಗಿ ಒಳಗಿನ ಪಟ್ಟಿ ಸಡಿಲ ಆಗ್ತದೆ, ಕಾಂಟ್ಯಾಕ್ಟ್ ತಪ್ತದೆ, ತಣ್ಣಗಾದಾಗ ಪುನಃ ಹಿಡೀತದೆ. ಬೆಂಕಿ ಹಿಡೀಲಿಕ್ಕೆ ಇಷ್ಟು ಸಾಕು. ಮೇನ್ ಆಫ್ ಮಾಡಿ ಕನ್ವರ್ಟರ್ ತೆಗೆದು ನೋಡಿ, ಮತ್ತೆ ಅದನ್ನು ಹಾಕ್ಲೇಬೇಡಿ. 16 ಆಂಪಿಯರಿನ ಸಾಕೆಟ್ ಬೇಕು, ಅದಕ್ಕೆ ವಯರ್ 2.5 ಸ್ಕ್ವೇರ್ ಮಿಲಿಮೀಟರಿಗಿಂತ ಸಪೂರ ಬೇಡ. ಅಲ್ಲಿಯೂ ಆಫ್ ಆದ್ರೆ ಮಾತ್ರ ಓವನ್ ಬಿಚ್ಚುವ ಮಾತು.

ಮಂಜೇಶ್ವರ ಹುಡುಗ
ನಮ್ಮಲ್ಲಿ ಮಳೆಗಾಲದಲ್ಲಿ ಇಎಲ್‌ಸಿಬಿಯೇ ಬೀಳ್ತಿತ್ತು. ಹೀಟರ್ ರಾಡಿನೊಳಗಿನ ಬಿಳಿ ಪುಡಿ ತೇವ ಎಳೆದು ಅರ್ತಿಗೆ ಲೀಕ್, 30 ಮಿಲಿಆಂಪಿಯರ್ ದಾಟುವ ಮೊದಲೇ ಢಪ್. ಒಬ್ಬ ಇಎಲ್‌ಸಿಬಿ ತಪ್ಪಿಸಿ ಲೈನ್ ಕೊಡ್ತೇನೆ ಅಂದ, ಅವನನ್ನು ಚಾ ಕೊಟ್ಟು ಕಳಿಸಿದ್ದು.

ಬದಿಯಡ್ಕದ ಅಕ್ಕ
ನೋಡಿದೆ. ಒಂದು ಪಿನ್ ಕಪ್ಪು, ಕನ್ವರ್ಟರಿನ ಪ್ಲಾಸ್ಟಿಕ್ ಮೇಣದ ಹಾಗೆ ಇಳಿದಿದೆ. ಇವರು ಕೈಲಿ ಹಿಡಿದು ಐದು ನಿಮಿಷ ಮಾತಾಡ್ಲಿಲ್ಲ. ಚಾವಡಿಯಲ್ಲಿ ಇಸ್ತ್ರಿಪೆಟ್ಟಿಗೆಗೆ ಅಂತ ದೊಡ್ಡ ಸಾಕೆಟ್ ಉಂಟು, ಸದ್ಯಕ್ಕೆ ಓವನ್ ಅಲ್ಲಿಗೆ. ಇವತ್ತು ನಲವತ್ತು ನಿಮಿಷ ಒಮ್ಮೆಯೂ ನಿಲ್ಲಲಿಲ್ಲ, ಕೇಕ್ ಉಬ್ಬಿದೆ. ದೇವರ ಕೋಣೆಗೆ ಮೊಟ್ಟೆ ವಾಸನೆ ಬರ್ತದೆ ಅಂತ ಅತ್ತೆ ಬೆಳಗ್ಗಿನಿಂದ ಗೊಣಗ್ತಾ ಇದ್ದಾರೆ, ಅದಕ್ಕೆಂತ ಮಾಡುದು ವಯರ್‌ಮ್ಯಾನ್ ಅಣ್ಣಾ?